ಎರಡು ಮನೆಯ ಸಾಮಾನು ಒಂದೇ ಮನೆಯಲ್ಲಿ: ಎಲ್ಲ ಎಸೆದರೆ ಮನಸ್ಸು ಹಗುರಾಗುತ್ತದಾ?

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ಎರಡು ಬೆಡ್‌ರೂಮಿನ ಮನೆ ನಮ್ಮದು. ನಾನು ಹೈಸ್ಕೂಲ್ ಟೀಚರ್, ವಯಸ್ಸು 43. ಮೂರು ವರ್ಷದ ಹಿಂದೆ ಮಾವ ತೀರಿಕೊಂಡರು. ಸಾಗರದ ಹತ್ತಿರದ ಹಳ್ಳಿ ಮನೆಗೆ ಬೀಗ ಹಾಕಿ ಅತ್ತೆಯನ್ನು ಕರೆದುಕೊಂಡು ಬಂದೆವು. ಅವರ ಜೊತೆ ಎರಡು ಲೋಡು ಸಾಮಾನೂ ಬಂತು. ಪಾತ್ರೆ, ಟ್ರಂಕು, ಭರಣಿ, ಹಾಸಿಗೆ, ಖಾಲಿ ಡಬ್ಬಿ. ಅಟ್ಟ ತುಂಬಿತು, ಮಂಚದ ಅಡಿ ತುಂಬಿತು, ಈಗ ಬಾಲ್ಕನಿಯೂ ತುಂಬಿದೆ. ಅತ್ತೆ ಒಂದು ಡಬ್ಬಿ ಎಸೆಯಲೂ ಬಿಡುವುದಿಲ್ಲ. ನನ್ನವರು "ಇರಲಿ ಬಿಡು" ಅಂತಾರೆ. ನಮ್ಮ ರೂಮಿನ ಕುರ್ಚಿ ಮೇಲೆ ಬಟ್ಟೆ ರಾಶಿ. ಅದರಲ್ಲಿ ಯಾರಾದರೂ ಕೂತು ಎರಡು ವರ್ಷವಾಯಿತು. ಸ್ಕೂಲಿನಿಂದ ಬಂದು ಬಾಗಿಲು ತೆಗೆದರೆ ಎದೆ ಭಾರವಾಗುತ್ತದೆ. ಸುಮ್ನೆ ರೇಗುತ್ತೇನೆ. ಯಾರಾದರೂ ಮನೆಗೆ ಬರ್ತೀವಿ ಅಂದರೆ ಏನಾದರೂ ನೆಪ ಹೇಳುತ್ತೇನೆ. ವಿಡಿಯೋಗಳಲ್ಲಿ ತೋರಿಸುವ ಹಾಗೆ ಎಲ್ಲ ಎಸೆದು ಮನೆ ಖಾಲಿ ಮಾಡಿದರೆ ಮನಸ್ಸು ನಿಜವಾಗಿ ಹಗುರಾಗುತ್ತದಾ? ಇಲ್ಲ, ನನ್ನಲ್ಲೇ ಏನಾದರೂ ತೊಂದರೆ ಇದೆಯಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಜಾಸ್ತಿ ಕಾಡುತ್ತಿರುವುದು ಅದೇ ಅನಿಸಿತು. ನಾನು ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷದಿಂದ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತಿದ್ದೇನೆ. ನಿದ್ದೆ ಬರಲ್ಲ, ಮಕ್ಕಳ ಮೇಲೆ ರೇಗ್ತೀನಿ, ಮನೆಗೆ ಹೋಗೋಕೇ ಮನಸ್ಸಿಲ್ಲ ಅಂತ ಹೆಣ್ಣುಮಕ್ಕಳು ಬರುತ್ತಾರೆ. ಮಾತಾಡುತ್ತಾ ಹೋದರೆ ಎಷ್ಟೋ ಸಲ ಮಾತು ಮನೆಯ ಸಾಮಾನಿಗೆ ಬಂದು ನಿಲ್ಲುತ್ತದೆ. ತುಂಬಿದ ಮನೆಯ ಬಾಗಿಲಲ್ಲಿ ಎದೆ ಭಾರವಾಗುವುದು ನಿಮಗೊಬ್ಬರಿಗೇ ಬಂದದ್ದಲ್ಲ. ನಿಮ್ಮಲ್ಲಿ ಏನೋ ಕೊರತೆ ಇದೆ ಅಂತ ಇದರಿಂದ ತಿಳಿಯಬೇಡಿ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೀನಾ ರೆಪೆಟ್ಟಿ ಎಂಬ ಮನಶ್ಶಾಸ್ತ್ರಜ್ಞೆಯರು 30 ದಂಪತಿಗಳ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಅವು. ನಿಮ್ಮ ಮನೆ ತೋರಿಸುತ್ತಾ ಮಾತಾಡಿ ಅಂತ ಒಬ್ಬೊಬ್ಬರಿಗೂ ಹೇಳಿದರು. ಆ ಮಾತಿನಲ್ಲಿ "ಹರಡಿಕೊಂಡಿದೆ", "ಕೆಲಸ ಅರ್ಧಕ್ಕೇ ನಿಂತಿದೆ" ಅನ್ನುವಂಥ ಪದ ಎಷ್ಟು ಬಂತು ಅಂತ ಎಣಿಸಿದರು. ಕೆಲವು ದಿನ ಅವರ ಎಂಜಲಿನಲ್ಲಿ ಕಾರ್ಟಿಸಾಲ್ ಎಷ್ಟಿದೆ ಅಂತಲೂ ನೋಡಿದರು. ಕಾರ್ಟಿಸಾಲ್ ಅನ್ನುವುದು ಒತ್ತಡದ ಹಾರ್ಮೋನು. ಬೆಳಿಗ್ಗೆ ಏರಿರುತ್ತದೆ, ಸಂಜೆ ಹೊತ್ತಿಗೆ ಇಳಿಯಬೇಕು. ಇಳಿದರೆ ಮೈಗೆ ವಿಶ್ರಾಂತಿ. ಮನೆಯ ಬಗ್ಗೆ ಇಂಥ ಮಾತು ಜಾಸ್ತಿ ಆಡಿದ ಹೆಂಗಸರಲ್ಲಿ ಆ ಇಳಿತ ಸರಿಯಾಗಿ ಆಗುತ್ತಿರಲಿಲ್ಲ. ದಿನ ಕಳೆದ ಹಾಗೆ ಅವರ ಮನಸ್ಸೂ ಕುಗ್ಗುತ್ತಿತ್ತು. ಗಂಡಸರಲ್ಲಿ ಹೀಗೆ ಕಾಣಲಿಲ್ಲ.

ಸಣ್ಣ ಅಧ್ಯಯನ ಅದು. ಸಾಮಾನಿನಿಂದ ಮನಸ್ಸು ಕುಗ್ಗಿತೋ, ಕುಗ್ಗಿದ ಮನಸ್ಸಿಗೆ ಸಾಮಾನು ದೊಡ್ಡದಾಗಿ ಕಂಡಿತೋ ಅಂತ ಅದರಿಂದ ಹೇಳಲು ಬರುವುದಿಲ್ಲ. ಆದರೆ ನಿಮ್ಮವರು "ಇರಲಿ ಬಿಡು" ಅನ್ನುವುದಕ್ಕೂ ನಿಮಗೆ ಹಾಗೆ ಅನ್ನಲು ಆಗದೇ ಇರುವುದಕ್ಕೂ ಒಂದು ಎಳೆ ಇಲ್ಲಿ ಸಿಗುತ್ತದೆ. ನಮ್ಮ ಕಡೆ ಮನೆಗೆ ಬಂದವರು ಜಗಲಿ ಗುಡಿಸಿಲ್ಲ ಅಂದರೆ ಯಾರನ್ನು ನೋಡುತ್ತಾರೆ? ಮನೆ ಹೆಂಗಸನ್ನು. ಅದೇ ಬಟ್ಟೆ ರಾಶಿ ಗಂಡಸಿನ ಕಣ್ಣಿಗೆ ಬರೀ ಬಟ್ಟೆ. ನಿಮ್ಮ ಕಣ್ಣಿಗೆ ಅದು "ಇನ್ನೂ ಮಾಡಿಲ್ವಾ?" ಅಂತ ಕೇಳುವ ಬಾಯಿ.

ಇನ್ನೊಂದು ಸಂಗತಿ ಮೆದುಳಿಗೇ ಸೇರಿದ್ದು. ಕಣ್ಣೆದುರು ಹತ್ತು ವಸ್ತು ಇದ್ದರೆ ಹತ್ತೂ ನಮ್ಮ ಗಮನಕ್ಕೆ ಪೈಪೋಟಿ ಮಾಡುತ್ತವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಮೆದುಳಿನ ಸ್ಕ್ಯಾನ್ ಮಾಡಿ 2011ರಲ್ಲಿ ಇದನ್ನು ತೋರಿಸಿದರು. ಬೇಡದ್ದನ್ನು ಬದಿಗೆ ತಳ್ಳುವುದೂ ಮೆದುಳಿಗೆ ಒಂದು ಕೆಲಸವೇ. ದಿನವಿಡೀ ಮಕ್ಕಳ ಗಲಾಟೆಯ ನಡುವೆ ಪಾಠ ಹೇಳಿ ಬಂದವರಿಗೆ ಮನೆಯಲ್ಲೂ ಮತ್ತೆ ಅದೇ ಕೆಲಸ ಕಾದಿರುತ್ತದೆ ಅಂದರೆ ಸುಸ್ತಾಗದೆ ಇರುತ್ತದಾ?

ಇಷ್ಟು ಓದಿ ನೀವು ನಾಳೆಯೇ ಗುಜರಿಯವನಿಗೆ ಫೋನ್ ಮಾಡಿಬಿಡುತ್ತೀರೇನೋ. ದಯವಿಟ್ಟು ಮಾಡಬೇಡಿ. ನಾನು ಮಾಡಿದ್ದೆ, ಅದನ್ನು ಹೇಳಲೇಬೇಕು.

ನಮ್ಮ ತವರು ಹೊಸನಗರದ ಕಡೆ. ಅಪ್ಪ ಹೋದ ವರ್ಷ ಅಮ್ಮ ಹದಿನೈದು ದಿನಕ್ಕೆ ಅಂತ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ವಾಪಸ್ ಬರುವಷ್ಟರಲ್ಲಿ ಮನೆ ಚೊಕ್ಕಟ ಮಾಡಿಡೋಣ, ಅವಳಿಗೂ ಸಮಾಧಾನವಾಗುತ್ತೆ ಅಂತ ನಾನು ಎರಡು ದಿನ ರಜೆ ಹಾಕಿ ಹೋದೆ. ಅಟ್ಟ ಇಳಿಸಿದೆ. ಹಾರ್ಲಿಕ್ಸ್ ಬಾಟಲಿಯೇ ನಲವತ್ತರ ಮೇಲಿದ್ದವು. ತೂತು ಬಿದ್ದ ಹಂಡೆ, ಕಾಲು ಮುರಿದ ಮಣೆ, ತಳ ಬಿಟ್ಟ ಹಿತ್ತಾಳೆ ಪಾತ್ರೆ ಎಲ್ಲ ಒಂದೇ ಸಲ ಗಾಡಿಗೆ ಹಾಕಿಸಿದೆ. ಮನೆ ಫಳಫಳ ಅನ್ನುತ್ತಿತ್ತು. ನನಗೆ ಎಷ್ಟು ಸಮಾಧಾನ ಅಂದರೆ, ಆ ರಾತ್ರಿ ತುಂಬ ದಿನದ ಮೇಲೆ ಒಳ್ಳೆ ನಿದ್ದೆ ಬಂತು.

ಅಮ್ಮ ಬಂದಳು. ಕೈಕಾಲು ತೊಳೆದು ಸೀದಾ ಅಡಿಗೆಮನೆಗೆ ಹೋದಳು. ಅಕ್ಕಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು. ಆಮೇಲೆ ಏನೂ ಸದ್ದಿಲ್ಲ. ಹೋಗಿ ನೋಡಿದರೆ ಡಬ್ಬದೊಳಗೆ ನಾನು ಹಾಕಿಟ್ಟ ಪ್ಲಾಸ್ಟಿಕ್ ಲೋಟ ಕೈಯಲ್ಲಿ ಹಿಡಿದು ನಿಂತಿದ್ದಾಳೆ. "ಸೇರು ಎಲ್ಲಿ?" ಅಂದಳು. ಹಳೇ ಹಿತ್ತಾಳೆ ಸೇರು, ಬಾಯಿ ನೆಗ್ಗಿತ್ತು, ತಳ ಸೀಳಿತ್ತು. ಅಳೆದರೆ ಅಕ್ಕಿ ಸೋರುತ್ತಿತ್ತು. ಕೊಟ್ಟೆ ಅಂದೆ. ಅಮ್ಮ ಬೈಯಲಿಲ್ಲ. "ಅದನ್ನೇ ಒದ್ದು ಈ ಮನೆಯೊಳಗೆ ಬಂದಿದ್ದೆ" ಅಂದಳು, ಅಷ್ಟೇ. ಮದುವೆಯಾಗಿ ಬಂದ ದಿನ ಹೊಸ್ತಿಲ ಮೇಲೆ ಅಕ್ಕಿ ತುಂಬಿ ಇಟ್ಟ ಸೇರು ಅದು. ಮರುದಿನ ಬೆಳಿಗ್ಗೆ ಗುಜರಿ ಅಂಗಡಿಗೆ ಓಡಿದೆ. ಹಿತ್ತಾಳೆಯೆಲ್ಲ ಲಾರಿಯಲ್ಲಿ ಹೋಗಿಯಾಗಿತ್ತು. ಅಮ್ಮ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಹೋದದ್ದು ಹೋಯಿತು. ಅದಕ್ಕೆ ಬದಲಿ ತಂದುಕೊಡಲು ಎಲ್ಲಿ ಹುಡುಕಲಿ?

ನಿಮ್ಮ ಅತ್ತೆಯ ಕಡೆಯಿಂದ ಒಮ್ಮೆ ಲೆಕ್ಕ ಹಾಕಿ. ಮೂರು ವರ್ಷದ ಹಿಂದೆ ಒಂದೇ ಸಲಕ್ಕೆ ಅವರಿಗೆ ಏನೇನು ಹೋಯಿತು? ಗಂಡ ಹೋದರು. ಮನೆ ಹೋಯಿತು. ಹಿತ್ತಿಲು, ಬಾವಿ, ಕೊಟ್ಟಿಗೆ, ದಿನಾ ಮಾತಾಡಿಸುತ್ತಿದ್ದ ಪಕ್ಕದ ಮನೆಯವರು, ಎಲ್ಲ ಹೋದರು. ತಮ್ಮ ಅಡಿಗೆಮನೆಯಲ್ಲಿ ಯಜಮಾನಿಯಾಗಿದ್ದವರು ಇಲ್ಲಿ ಬಂದು ಇನ್ನೊಬ್ಬರ ಅಡಿಗೆಮನೆಯಲ್ಲಿ ನಿಂತಿದ್ದಾರೆ. "ಇದು ನನ್ನದು" ಅಂತ ಹೇಳಲು ಉಳಿದದ್ದು ಆ ಎರಡು ಲೋಡು ಮಾತ್ರ. ಖಾಲಿ ಡಬ್ಬಿಗೆ ಅವರು ಹಟ ಮಾಡುವುದು ಡಬ್ಬಿಗೋಸ್ಕರ ಇರಲಾರದು. ಈ ಮನೆಯಲ್ಲಿ ತಮ್ಮ ಮಾತು ಎಲ್ಲಾದರೂ ಒಂದು ಕಡೆ ನಡೆಯಲಿ ಅಂತ ಇರಬಹುದು. ದುಃಖ ಎಷ್ಟೋ ಸಲ ಹೀಗೆ ಸಾಮಾನು ಕಾಯುವ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ.

ಜೊತೆಗೆ ಮಲೆನಾಡಿನ ಬದುಕೇ ಕೂಡಿಡುವ ಬದುಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಸಾಗರ, ಹೊಸನಗರದ ಒಳ ಹಳ್ಳಿಗಳಲ್ಲೂ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುತ್ತಿರಲಿಲ್ಲ. ಹೊಳೆ ತುಂಬಿ ದಾರಿ ಬಂದ್. ಅಂಗಡಿಗೆ ಹೋಗುವ ಮಾತೇ ಇಲ್ಲ. ಅದಕ್ಕೇ ಸೌದೆ, ದರಕು, ಹಲಸಿನ ಹಪ್ಪಳ, ಮಾವಿನ ಮಿಡಿ, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ, ವಾಟೆ ಹುಳಿ ಎಲ್ಲ ಬೇಸಿಗೆಯಲ್ಲೇ ಒಳಗೆ ಬರಬೇಕಿತ್ತು. ಖಾಲಿ ಡಬ್ಬಿ ಎಸೆದವಳು ದಡ್ಡಿ. ಹಗ್ಗದ ತುಂಡು ಇಟ್ಟುಕೊಂಡವಳು ಜಾಣೆ. ನಿಮ್ಮ ಅತ್ತೆ ಐವತ್ತು ವರ್ಷ ಆ ಜಾಣತನದಲ್ಲೇ ಮನೆ ನಡೆಸಿದವರು.

ಆದರೆ ಆ ಮನೆಯಲ್ಲಿ ಒಳಗೆ ಬಂದದ್ದಕ್ಕೆ ಹೊರಗೆ ಹೋಗುವ ದಾರಿಯೂ ಇತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಸೌದೆ ಉರಿದಿರುತ್ತಿತ್ತು, ಭರಣಿ ತಳ ಕಾಣುತ್ತಿತ್ತು. ಹಳೇ ಸೀರೆ ಕೌದಿಯಾಗುತ್ತಿತ್ತು, ಆಮೇಲೆ ಒರೆಸುವ ಬಟ್ಟೆ, ಕೊನೆಗೆ ಒಲೆಗೆ ಅಥವಾ ಗೊಬ್ಬರದ ಗುಂಡಿಗೆ. ದೀಪಾವಳಿಗೆ ಮುಂಚೆ ಪಾತ್ರೆಯೆಲ್ಲ ಅಂಗಳಕ್ಕೆ ಇಳಿಯುತ್ತಿತ್ತು. ಸಾಮಾನು ಬರುತ್ತಿತ್ತು, ಸವೆಯುತ್ತಿತ್ತು, ಮಣ್ಣಿಗೆ ಹೋಗುತ್ತಿತ್ತು. ಐಸ್‌ಕ್ರೀಂ ಡಬ್ಬಿ, ಪಾರ್ಸೆಲ್ ಡಬ್ಬಿ, ಪಾಲಿಯೆಸ್ಟರ್ ಸೀರೆ ಸವೆಯುವುದೂ ಇಲ್ಲ, ಮಣ್ಣಾಗುವುದೂ ಇಲ್ಲ. ವಿನೋಬನಗರದಲ್ಲಿ ಹಿತ್ತಿಲೂ ಇಲ್ಲ, ಗೊಬ್ಬರದ ಗುಂಡಿಯೂ ಇಲ್ಲ. ಕೂಡಿಡುವ ಅರ್ಧ ಅಭ್ಯಾಸ ಪೇಟೆಗೆ ಬಂತು, ಖಾಲಿ ಮಾಡುವ ಅರ್ಧ ಹಳ್ಳಿಯಲ್ಲೇ ಉಳಿಯಿತು. ನಿಮ್ಮ ಮನೆಯ ತೊಂದರೆ ಇಲ್ಲಿದೆ. ಅತ್ತೆಯದೂ ತಪ್ಪಿಲ್ಲ, ನಿಮ್ಮದೂ ತಪ್ಪಿಲ್ಲ.

ಹಾಗಾದರೆ ಏನು ಮಾಡುವುದು? ಮೊದಲು ನಿಮ್ಮ ಕುರ್ಚಿ.

ಅತ್ತೆಯ ಸಾಮಾನಿಗೆ ಸದ್ಯ ಕೈ ಹಾಕಬೇಡಿ. ನಿಮ್ಮ ಪತ್ರದಲ್ಲಿ ಅವರದಲ್ಲದ ಸಾಮಾನು ಒಂದೇ ಇದೆ, ಆ ಬಟ್ಟೆ ರಾಶಿ. ಅದು ನಿಮ್ಮ ರೂಮಿನದು. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೂ ಎರಡು ವರ್ಷದಿಂದ ಅಲ್ಲೇ ಇದೆ. ಯಾಕೆ? ಆ ರಾಶಿಯಲ್ಲಿ ಇರುವುದು ಹೆಚ್ಚಾಗಿ ತೀರ್ಮಾನವಾಗದ ಬಟ್ಟೆ ಅಂತ ನನ್ನ ಊಹೆ. ಒಂದು ಸಲ ಉಟ್ಟದ್ದು, ಒಗೆಯಲೂ ಬೇಡ, ಕಪಾಟಿಗೆ ಇಡಲೂ ಬೇಡ. ಹುಕ್ಕು ಕಿತ್ತು ಹೋದ ರವಿಕೆ. ಮಗಳಿಗೆ ಗಿಡ್ಡವಾದ ಚೂಡಿದಾರ್, ಯಾರಿಗಾದರೂ ಕೊಡಬೇಕು, ಯಾರಿಗೆ ಅಂತ ಗೊತ್ತಿಲ್ಲ. ತೂಕ ಇಳಿದರೆ ಹಾಕಿಕೊಳ್ಳೋಣ ಅಂದುಕೊಂಡದ್ದು. ಒಂದೊಂದು ಬಟ್ಟೆಯೂ ಒಂದೊಂದು ಪ್ರಶ್ನೆ. ರೂಮಿಗೆ ಹೋದಾಗಲೆಲ್ಲ ನಿಮ್ಮ ಮನಸ್ಸು ಆ ಮೂವತ್ತು ಪ್ರಶ್ನೆಗಳನ್ನೂ ಒಮ್ಮೆ ಮುಟ್ಟಿ ಬರುತ್ತದೆ. ಮೈ ಕೂತಿದ್ದರೂ ಮನಸ್ಸು ಕೂರುವುದಿಲ್ಲ. ನನ್ನ ಅನುಭವದಲ್ಲಿ ಸಾಮಾನಿನ ಭಾರ ಅಂದರೆ ಮುಕ್ಕಾಲು ಪಾಲು ಈ ತೀರ್ಮಾನಗಳ ಭಾರ. ಎರಡು ಮನೆ ಸಾಮಾನಿದ್ದರೂ ಪ್ರತಿಯೊಂದಕ್ಕೂ ಒಂದು ಜಾಗ, ಒಂದು ಉಪಯೋಗ ಗೊತ್ತಿದ್ದರೆ ಅಷ್ಟು ಕಾಡುವುದಿಲ್ಲ. ಅಡಿಕೆ ಸುಗ್ಗಿಯಲ್ಲಿ ಮನೆಯೆಲ್ಲ ಅಡಿಕೆಯೇ ಇರುತ್ತದೆ, ಕಾಲಿಡಲು ಜಾಗ ಇರುವುದಿಲ್ಲ. ಆಗ ಯಾರಿಗಾದರೂ ಎದೆ ಭಾರವಾಗುತ್ತದಾ?

ಒಂದು ಭಾನುವಾರ ಬೆಳಿಗ್ಗೆ, ತಿಂಡಿ ಆದ ಮೇಲೆ, ಅರ್ಧ ಗಂಟೆ ಸಾಕು. ಗಡಿಯಾರ ನೋಡಿಕೊಂಡು ಕೂರಿ. ರಾಶಿಯನ್ನು ಪೂರ್ತಿ ಮಂಚಕ್ಕೆ ಸುರಿಯಬೇಡಿ. ಸುರಿದರೆ ರಾತ್ರಿ ಮಲಗುವ ಹೊತ್ತಿಗೆ ಎಲ್ಲ ವಾಪಸ್ ಕುರ್ಚಿಗೆ ಹೋಗುತ್ತದೆ, ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಮೇಲಿನಿಂದ ಒಂದೊಂದೇ ತೆಗೆಯಿರಿ. ಕೈಯಲ್ಲಿ ಹಿಡಿದದ್ದು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನವಾಗುವವರೆಗೆ ಇನ್ನೊಂದು ತೆಗೆಯಬೇಡಿ. ಒಗೆಯುವುದು ಬಕೆಟ್ಟಿಗೆ, ಇಡುವುದು ಕಪಾಟಿಗೆ, ಕೊಡುವುದು ಚೀಲಕ್ಕೆ. ಆ ಚೀಲ ಬಾಗಿಲ ಹತ್ತಿರ ಇರಲಿ, ಸೋಮವಾರ ನಿಮ್ಮ ಜೊತೆಯೇ ಮನೆ ಬಿಟ್ಟು ಹೋಗಲಿ. "ಕೊಡುವ ಚೀಲ" ಅಂತ ಹೆಸರಿಟ್ಟು ಆರು ತಿಂಗಳು ಮಂಚದ ಕೆಳಗಿಟ್ಟರೆ ಅದೂ ಇನ್ನೊಂದು ರಾಶಿ. ಒಮ್ಮೆ ಉಟ್ಟ ಬಟ್ಟೆಗೆ ಗೋಡೆಗೆ ನಾಲ್ಕು ಮೊಳೆ ಹೊಡೆಸಿ. ಇಲ್ಲದಿದ್ದರೆ ಹದಿನೈದು ದಿನದಲ್ಲಿ ಕುರ್ಚಿ ಮತ್ತೆ ತುಂಬುತ್ತದೆ.

ಕೈ ಬಿಡಲು ಮನಸ್ಸು ಬಾರದಿದ್ದರೆ ಗಾಬರಿಯಾಗಬೇಡಿ. ತನ್ನದು ಅನಿಸಿದ ಕೂಡಲೇ ಬೆಲೆ ಏರುವುದು ಮನುಷ್ಯನ ಸ್ವಭಾವ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ಗು ಕೊಟ್ಟರು. ಇದನ್ನು ಎಷ್ಟಕ್ಕೆ ಮಾರುತ್ತೀರಿ ಅಂತ ಅವರನ್ನು, ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಉಳಿದವರನ್ನು ಕೇಳಿದರು. ಮಗ್ಗು ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಆದರೂ ಮಾರುವವರು ಕೇಳಿದ್ದು ಕೊಳ್ಳುವವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟು. ಸ್ವಲ್ಪ ಹೊತ್ತಿನ ಮಗ್ಗಿಗೇ ಹೀಗಾದರೆ ಐವತ್ತು ವರ್ಷದ ಚೆಂಬಿಗೆ ಎಷ್ಟಿರಬೇಡ? ಅದಕ್ಕೇ "ಇದು ಬೇಕಾ?" ಅಂತ ಕೇಳಿಕೊಂಡರೆ ಉತ್ತರ ಯಾವಾಗಲೂ "ಬೇಕು" ಅಂತಲೇ ಬರುತ್ತದೆ. "ಇದು ಈಗ ಅಂಗಡಿಯಲ್ಲಿ ಕಂಡರೆ ದುಡ್ಡು ಕೊಟ್ಟು ತರ್ತೀನಾ?" ಅಂತ ಕೇಳಿಕೊಳ್ಳಿ. ಈ ಪ್ರಶ್ನೆ ನಿಮ್ಮ ಸಾಮಾನಿಗೆ ಮಾತ್ರ. ಅತ್ತೆಯ ಚೆಂಬಿಗೆ ಕೇಳಬೇಡಿ.

ಕುರ್ಚಿಯ ನಂತರ ಅಡಿಗೆಮನೆ ಕಟ್ಟೆ ಮಾಡಿ, ಆಮೇಲೆ ಊಟದ ಟೇಬಲ್ಲು. ಬಾಗಿಲು ತೆಗೆದ ತಕ್ಷಣ ಕಣ್ಣಿಗೆ ಬೀಳುವ ಜಾಗಗಳು ಮೊದಲು. ಮುಚ್ಚಿದ ಕಪಾಟಿನೊಳಗೆ ಏನಿದೆ ಅಂತ ಸದ್ಯ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಹೆಣ್ಣುಮಕ್ಕಳ ಕಪಾಟಿನಲ್ಲಿ ಇರುವ ಒಂದು ವಿಚಿತ್ರ ರಾಶಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ರವಿಕೆ ಕಣ, ತಾಂಬೂಲದ ಚೀಲ, ಪುಟ್ಟ ಸ್ಟೀಲ್ ಬಟ್ಟಲು. ಹೊಲಿಸುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಅದು ಮಂಗಳದ ವಸ್ತು. ನೀವು ತಿರುಗಿ ಕೊಡಲು ಬೇಕಾಗುವ ಹತ್ತು ಕಣ ಎತ್ತಿಡಿ. ಉಳಿದವುಗಳಲ್ಲಿ ಕಾಟನ್ ಇದ್ದರೆ ದಿಂಬಿನ ಚೀಲಕ್ಕೂ ಸಂತೆ ಚೀಲಕ್ಕೂ ಆಗುತ್ತದೆ, ಬೀದಿಯ ಟೈಲರ್ ಹೊಲಿದು ಕೊಡುತ್ತಾರೆ. ಹೊಳೆಯುವ ಪಾಲಿಯೆಸ್ಟರ್ ಕಣ ಒರೆಸುವುದಕ್ಕೂ ಬರುವುದಿಲ್ಲ, ನೀರು ಹೀರುವುದೇ ಇಲ್ಲ. ಅದನ್ನು ಹೊಲಿಗೆ ಕಲಿಯುವ ಹುಡುಗಿಯರಿಗೆ ಕೊಡಿ, ಕೈ ಪಳಗಿಸಲು ಅವರಿಗೆ ಬಟ್ಟೆ ಬೇಕಾಗುತ್ತದೆ. ದೇವರ ಚಿತ್ರ ಇರುವ ಹಳೇ ಕ್ಯಾಲೆಂಡರ್, ಮದುವೆ ಕರೆಯೋಲೆಗಳನ್ನು ತುಂಗೆಗೆ ಬಿಡಬೇಡಿ. ಅದೇ ನೀರು ನಮ್ಮ ನಲ್ಲಿಗೂ ಬರುತ್ತದೆ. ಕಾಗದ ಬಕೆಟ್ಟಿನಲ್ಲಿ ಎರಡು ದಿನ ನೆನೆಸಿ, ಕಿವುಚಿ ಗಿಡದ ಬುಡಕ್ಕೆ ಹಾಕಿ. ಮನಸ್ಸಿಗೂ ನೋವಾಗುವುದಿಲ್ಲ. ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು ನೆನೆಯುವುದಿಲ್ಲ, ಅದನ್ನು ಬೇರೆ ಮಾಡಿ ಒಣ ಕಸದವರಿಗೆ ಕೊಡಬೇಕು.

ಕಾಗದ ಪತ್ರದಲ್ಲಿ ಮಾತ್ರ ಅವಸರ ಬೇಡವೇ ಬೇಡ. ಹತ್ತು ವರ್ಷದ ಹಳೇ ಕರೆಂಟ್ ಬಿಲ್ಲು, ವಾರಂಟಿ ಮುಗಿದ ಚೀಟಿ ಹೋಗಲಿ. ಪಹಣಿ ಈಗ ಭೂಮಿ ತಂತ್ರಾಂಶದಿಂದ ಬೇಕಾದಾಗ ತೆಗೆಸಬಹುದು. ಆದರೆ ಕ್ರಯಪತ್ರ, ಪಾಲುಪಟ್ಟಿ, ಸಾಗುವಳಿ ಚೀಟಿ, ಮುಳುಗಡೆ ಪರಿಹಾರದ ಕಾಗದ ಇವನ್ನು ಮುಟ್ಟಬೇಡಿ, ಎಷ್ಟೇ ಹರಿದಿದ್ದರೂ ಸರಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯಲ್ಲಿ ಮನೆ ಜಮೀನು ಕಳೆದುಕೊಂಡ ಎಷ್ಟೋ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಇವತ್ತಿಗೂ ಕಾಗದ ಹಿಡಿದು ಅಲೆಯುತ್ತಿವೆ. ನಿಮ್ಮ ಮಾವನ ಮನೆ ಸಾಗರದ ಕಡೆಯದು. ಟ್ರಂಕಿನ ತಳದಲ್ಲಿ ಮಡಚಿಟ್ಟ ಒಂದು ಹಳದಿ ಹಾಳೆ ಮಕ್ಕಳ ಕಾಲಕ್ಕೆ ಬೇಕಾಗಬಹುದು. ತಾಳೆಗರಿ ಕಟ್ಟು, ಮೋಡಿ ಅಕ್ಷರದ (ಹಳೇ ಕೂಡುಬರಹದ) ಕಡತ ಏನಾದರೂ ಸಿಕ್ಕರೆ ಕೆಳದಿಯ ವಸ್ತು ಸಂಗ್ರಹಾಲಯದಲ್ಲಿ ತೋರಿಸಿ. ಸಾಗರದಿಂದ ದೂರವೇನಿಲ್ಲ.

ಈಗ ಅತ್ತೆ.

ನಿಮ್ಮ ಜಾಗ ಖಾಲಿಯಾಗುತ್ತಿರುವುದನ್ನು ಅವರು ನೋಡುತ್ತಲೇ ಇರುತ್ತಾರೆ. ಒಂದು ಮಾತೂ ಆಡಬೇಡಿ. ಮೂರು ನಾಲ್ಕು ವಾರ ಕಳೆಯಲಿ. ತಮ್ಮ ಸಾಮಾನಿಗೆ ಯಾರೂ ಕೈ ಹಾಕಲ್ಲ ಅಂತ ಅವರಿಗೆ ಧೈರ್ಯ ಬರಬೇಕು. ಆಮೇಲೆ ಒಂದು ಮಧ್ಯಾಹ್ನ ಒಂದೇ ಒಂದು ಟ್ರಂಕು ಇಳಿಸಿ, ಬಿಸಿಲಿಗೆ ಹಾಕೋಣ ಅಂತ. ಬಿಸಿಲಿಗೆ ಹಾಕುವುದು ಅವರಿಗೆ ಗೊತ್ತಿರುವ ಭಾಷೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲಿ ಕೂತು ಒಂದೊಂದೇ ತೆಗೆದು ಅವರ ಕೈಗೆ ಕೊಡಿ. "ಇದು ಬೇಕಾ ಅತ್ತೆ?" ಅನ್ನಬೇಡಿ. "ಇದು ಯಾವಾಗಿಂದು ಅತ್ತೆ?" ಅನ್ನಿ. ಅವರು ಹೇಳಲಿ. ಎಷ್ಟು ಹೊತ್ತಾದರೂ ಹೇಳಲಿ. ಮೊದಲ ದಿನ ಒಂದು ಸೂಜಿಯೂ ಮನೆಯಿಂದ ಹೊರಗೆ ಹೋಗದಿರಬಹುದು. ಪರವಾಗಿಲ್ಲ, ಆ ದಿನ ಹಾಳಾಯಿತು ಅಂತ ಅಂದುಕೊಳ್ಳಬೇಡಿ.

ಸೇರು ಕಳೆದು ಒಂದು ವರ್ಷದ ಮೇಲೆ ನಾನೂ ಅಮ್ಮನೂ ಹೀಗೆ ಕೂತೆವು. ಟ್ರಂಕಿನಲ್ಲಿ ಹನ್ನೊಂದು ಸೀರೆ ಇದ್ದವು. ಒಂದೊಂದರ ಕಥೆಯನ್ನೂ ಹೇಳಿದಳು. ಯಾವುದು ತಂಗಿಯ ಮದುವೆಗೆ, ಯಾವುದು ನನ್ನ ಬಾಣಂತನಕ್ಕೆ, ಯಾವುದನ್ನು ಅಪ್ಪ ಅಡಿಕೆ ಮಾರಿ ಬಂದ ದಿನ ಹೇಳದೇ ಕೇಳದೇ ತಂದದ್ದು. ಸಂಜೆಯಾಯಿತು. ಮಡಚುವ ಹೊತ್ತಿಗೆ ತಾನೇ ಎರಡು ಎತ್ತಿಕೊಂಡು "ಇವೆರಡು ಇರಲಿ. ಉಳಿದದ್ದು ಉಡುವವರಿಗೆ ಕೊಡು, ಸುಮ್ನೆ ಹರಿದು ಹೋಗ್ತವೆ" ಅಂದಳು. ನಾನು ಒಂದು ಮಾತೂ ಕೇಳಿರಲಿಲ್ಲ. ಕಥೆಯನ್ನು ಯಾರೋ ಒಬ್ಬರು ಕೇಳಿಸಿಕೊಂಡರು ಅಂತಾದ ಮೇಲೆ ವಸ್ತುವನ್ನು ಬಿಡುವುದು ಎಷ್ಟೋ ಜನರಿಗೆ ಸುಲಭವಾಗುತ್ತದೆ. ಇದನ್ನು ನಾನು ಅಮ್ಮನಿಂದ ಕಲಿತೆ, ಆಮೇಲೆ ಕೆಲಸದಲ್ಲೂ ಎಷ್ಟೋ ಸಲ ನೋಡಿದೆ.

ಯಾರಿಗೆ ಹೋಗುತ್ತದೆ ಅಂತ ಗೊತ್ತಾದರೂ ಕೈ ಸಡಿಲವಾಗುತ್ತದೆ. ಗುಜರಿಗೆ ಅಂದರೆ ಒಪ್ಪದವರು, ಊರಲ್ಲಿ ಇನ್ನೂ ಬಚ್ಚಲೊಲೆ ಉರಿಸುವ ನಾದಿನಿ ಮನೆಗೆ ಹಂಡೆ ಅಂದರೆ ತಕ್ಷಣ ಒಪ್ಪುತ್ತಾರೆ. ಖಾಲಿ ಡಬ್ಬಿಗಳಿಗೆ ಅವರೇ ಯಜಮಾನಿ ಆಗಲಿ. ಅಡಿಗೆಮನೆಯಲ್ಲಿ ಒಂದು ಶೆಲ್ಫ್ ಪೂರ್ತಿ ಅವರಿಗೆ ಬಿಟ್ಟುಕೊಡಿ. "ಈ ಶೆಲ್ಫಿನಲ್ಲಿ ಹಿಡಿಯುವಷ್ಟು ನಿಮ್ಮದು ಅತ್ತೆ, ಯಾವುದು ಇಡಬೇಕು ಅಂತ ನೀವೇ ನೋಡಿ" ಅನ್ನಿ. ಮುಚ್ಚಳ ಇಲ್ಲದ ಡಬ್ಬಿ ಅವರೇ ಹೊರಗೆ ಹಾಕುತ್ತಾರೆ ನೋಡಿ. ಮಾವನವರ ಕನ್ನಡಕ, ಊರುಗೋಲು, ಕಂಬಳಿ ಇದ್ದರೆ ಆ ವಿಷಯ ಎತ್ತಲೇಬೇಡಿ. ಅವು ಎಷ್ಟು ವರ್ಷ ಬೇಕಾದರೂ ಇರಲಿ. ಆದರೆ ಅವರ ಹಳೇ ಮಾತ್ರೆಗಳು ಉಳಿದಿದ್ದರೆ ಅದನ್ನು ಮಾತ್ರ ಬೇಗ ತೆಗೆಯಬೇಕು. ಕಣ್ಣು ಮಂಜಾದವರು ಇರುವ ಮನೆಯಲ್ಲಿ ಅವಧಿ ಮೀರಿದ ಬಿಪಿ, ಶುಗರ್ ಮಾತ್ರೆ ಇಟ್ಟುಕೊಳ್ಳುವುದು ಅಪಾಯ.

ನಿಮ್ಮವರ ಹತ್ತಿರ ಒಂದೇ ಕೆಲಸ ಕೇಳಿ. "ಮನೆ ನೋಡಿ ಹೇಗಾಗಿದೆ" ಅಂದರೆ ಅವರಿಗೆ ಕೈ ಹಾಕಲು ಜಾಗ ಸಿಗುವುದಿಲ್ಲ. "ಬಾಲ್ಕನಿಯ ಎರಡು ಹಾಸಿಗೆ ಈ ಶನಿವಾರ ಬಿಸಿಲಿಗೆ ಹಾಕಿ ಕೊಡಿ" ಅಂದರೆ ಎದ್ದು ಬರುತ್ತಾರೆ. ಹಾಸಿಗೆಯನ್ನೇ ಯಾಕೆ ಹೇಳಿದೆ ಅಂದರೆ, ಬಾಲ್ಕನಿಯಲ್ಲಿ ತೇವ ಹಿಡಿದ ಹತ್ತಿ ಹಾಸಿಗೆಯಲ್ಲಿ ಬೂಷ್ಟು ಬರುತ್ತದೆ. ಬೂಷ್ಟು, ಧೂಳಿನಿಂದ ಸೀನು, ಕೆಮ್ಮು, ಉಬ್ಬಸ ಏಳುತ್ತದೆ. ರಾತ್ರಿಯೆಲ್ಲ ಮೂಗು ಕಟ್ಟಿದವರಿಗೆ ಹಗಲು ಸಮಾಧಾನ ಎಲ್ಲಿಂದ ಬರಬೇಕು? ಒಳಗಿನ ಹತ್ತಿ ಕಪ್ಪಾಗಿದ್ದರೆ ಅದು ಮನೆಯಲ್ಲಿ ಇರಬಾರದು. ಈ ಒಂದು ವಿಷಯದಲ್ಲಿ ಅತ್ತೆ ಬೇಡ ಅಂದರೂ ನಿಮ್ಮವರೇ ತಾಯಿಗೆ ತಿಳಿಸಿ ಹೇಳಲಿ.

ಇದಿಷ್ಟೂ ಸಾಮಾನ್ಯ ಮನೆಯ ಮಾತು. ಕೆಲವು ಕಡೆ ಇದು ಕಾಯಿಲೆಯೂ ಆಗಿರುತ್ತದೆ. ಸಾಮಾನು ಕೂಡಿಹಾಕುವ ಗೀಳನ್ನು ಮೊದಲು ಬೇರೆ ಗೀಳುಗಳ ಜೊತೆಯೇ ಸೇರಿಸುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಅದಕ್ಕೆ ಬೇರೆಯೇ ಜಾಗ ಸಿಕ್ಕಿತು. ಮಂಚದ ಮೇಲೆ ಮಲಗಲು, ಒಲೆ ಹಚ್ಚಲು ಆಗದಷ್ಟು ಸಾಮಾನು, ಕೆಲಸಕ್ಕೆ ಬಾರದ್ದನ್ನು ಬಿಡಬೇಕು ಅಂದರೂ ಮೈ ನಡುಗುವಷ್ಟು ಸಂಕಟ, ವರ್ಷಗಟ್ಟಲೆ ಹೀಗೇ ಇದ್ದರೆ ಮನೋವೈದ್ಯರನ್ನು ಕಾಣಬೇಕು. ನೀವು ಬರೆದದ್ದು ನೋಡಿದರೆ ಅತ್ತೆಯವರದು ಹಾಗೆ ಕಾಣುವುದಿಲ್ಲ. ಆದರೆ ಇತ್ತೀಚೆಗೆ ಬೀದಿಯ ಕಸ ಎತ್ತಿ ತರುವುದು, ಇಟ್ಟದ್ದು ಮರೆತು ಯಾರೋ ಕದ್ದರು ಅನ್ನುವುದು ಹೊಸದಾಗಿ ಶುರುವಾಗಿದ್ದರೆ ಮರೆವಿನ ಕಾಯಿಲೆ ಇದೆಯಾ ಅಂತ ಒಮ್ಮೆ ತೋರಿಸಿ.

ನಿಮ್ಮ ಬಗ್ಗೆಯೂ ಒಂದು ಮಾತು. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಖುಷಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಸ್ಕೂಲಿನಲ್ಲೂ ಹಾಗೇ ಅನಿಸುತ್ತದೆ, ಬದುಕೇ ಸಾಕು ಅನ್ನುವ ಯೋಚನೆ ಬರುತ್ತದೆ ಅಂದರೆ ಕುರ್ಚಿ ಖಾಲಿ ಮಾಡುವುದರಿಂದ ಅದು ಹೋಗುವುದಿಲ್ಲ. ಅದು ಖಿನ್ನತೆ ಇರಬಹುದು. ಖಿನ್ನತೆ ಇದ್ದವರಿಗೆ ಒಂದು ಬಟ್ಟೆ ಮಡಚುವುದೂ ಬೆಟ್ಟವಾಗುತ್ತದೆ, ಹಾಗೇ ರಾಶಿ ಬೆಳೆಯುತ್ತದೆ. ಅಂಥ ಹೊತ್ತಿನಲ್ಲಿ ಮನೆ ಮೊದಲು ಸರಿಯಾಗಲಿ ಅಂತ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು. ಮುಖಾಮುಖಿ ಬೇಕು ಅಂದರೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗ ನಿಮ್ಮ ಊರಲ್ಲೇ ಇದೆ.

ಬೇಸಿಗೆ ರಜೆ ಹತ್ತಿರ ಬಂತು. ಮಳೆ ಹಿಡಿಯುವುದರೊಳಗೆ ಆರೇಳು ಭಾನುವಾರ ನಿಮ್ಮ ಕೈಯಲ್ಲಿವೆ. ಅಷ್ಟರಲ್ಲಿ ಕುರ್ಚಿ, ಕಟ್ಟೆ, ಟೇಬಲ್ಲು, ಬಾಲ್ಕನಿಯ ಹಾಸಿಗೆ, ಅತ್ತೆಯ ಒಂದು ಟ್ರಂಕು ಆದರೆ ಧಾರಾಳವಾಯಿತು. ಅಟ್ಟ ದಸರಾ ರಜೆಗೆ ಇರಲಿ.